ಗಾಡಿ ಮಲಗಲಿ ಎಂದು ಕಾದವರು

ಅವರ ಎಡಗೈಯ ಉಂಗುರದ ಬೆರಳಿನಲ್ಲಿ ಉಂಗುರವಿರಲಿಲ್ಲ, ಉಂಗುರದ ಸುಟ್ಟ ಗುರುತಿತ್ತು. ಬೆರಳಿಗೆ ಒಂದು ಸುತ್ತು ನುಣುಪಾದ, ಬಿಳಿಚಿಕೊಂಡ ಚರ್ಮ. ಮೊದಲ ಸಲ ಕಂಡಾಗ ಯಾವುದೋ ಹರಕೆಯ ದಾರ ಕಟ್ಟಿಕೊಂಡಿದ್ದಾರೆ ಅಂದುಕೊಂಡೆ. ಮದುವೆಯಲ್ಲಿ ಅಲೀಪುರದ ಮಾವ ತೊಡಿಸಿದ್ದ ಕೆಂಪು ಕಲ್ಲಿನ ಬೆಳ್ಳಿಯುಂಗುರವಂತೆ ಅದು. ಹರೆಯದಲ್ಲಿ ಲಾರಿಯೊಂದರ ಬ್ಯಾಟರಿ ಬಿಚ್ಚುವಾಗ, ಬ್ಯಾಟರಿಗೂ ಲಾರಿಯ ಕಬ್ಬಿಣಕ್ಕೂ ನಡುವೆ ಉಂಗುರ ಸಿಕ್ಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಡವಾಗಿತ್ತು. "ಕಲ್ಲು ಉಳೀತು, ಬೆರಳು ಉಳೀತು. ಬೆಳ್ಳಿ ಹೋಯ್ತು," ಎಂದು ಬೆರಳೆತ್ತಿ ತೋರಿಸುತ್ತಿದ್ದರು. ಹೇಳುವಾಗ ಅವರಿಗೆ ನಗು ಬರುತ್ತಿತ್ತು, ಕೇಳುವ ನಮಗೆ ಮೈ ಜುಮ್ಮೆನ್ನುತ್ತಿತ್ತು.

ಶಿಡ್ಲಘಟ್ಟದಲ್ಲಿ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯ ಪಕ್ಕ, ಹುಣಸೆಮರದ ಕೆಳಗೆ ಅವರ ತಗಡಿನ ಶೆಡ್ಡು. ಬೋರ್ಡು ಇರಲಿಲ್ಲ. ಕಾರು, ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಮಾಡುತ್ತಿದ್ದ ಅವರನ್ನು ಊರೆಲ್ಲ ವೈರಿಂಗ್ ಸಾಹೇಬ್ರು ಅಂತ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಶೆಡ್ಡಿನ ಬಾಗಿಲಲ್ಲೇ ಒಂದು ಸ್ಟೂಲು, ಅದರ ಮೇಲೆ ಟಿಫನ್ ಡಬ್ಬಿಯ ಮುಚ್ಚಳ. ಬಾನೆಟ್ ಹತ್ತಿರ ಬರುವವರು ಯಾರೇ ಆಗಲಿ, ಬಳೆ, ವಾಚು, ಉಂಗುರ ಬಿಚ್ಚಿ ಆ ಮುಚ್ಚಳದಲ್ಲಿ ಇಡಬೇಕು. ಒಮ್ಮೆ ನನ್ನೆದುರಿಗೇ, ಕೈಗೆ ದಪ್ಪ ಚಿನ್ನದ ಕಡಗ ಹಾಕಿಕೊಂಡಿದ್ದ ಯಜಮಾನರೊಬ್ಬರು ಬಿಚ್ಚಲು ಒಪ್ಪಲಿಲ್ಲ. ಸಾಹೇಬರು ವಾದಕ್ಕೆ ಹೋಗಲಿಲ್ಲ. ಬಾನೆಟ್ ಇಳಿಸಿ, ಖಾಲಿ ಬ್ಯಾಟರಿಯೊಂದರ ಮೇಲೆ ಕೂತು ಟೀ ಕುಡಿಯತೊಡಗಿದರು. ಯಜಮಾನರು ಹತ್ತು ನಿಮಿಷ ನಿಂತು ನೋಡಿ, ಕೊನೆಗೆ ಸೋಪು ನೀರು ಕೇಳಿ ಕಡಗ ಬಿಚ್ಚಿದರು.

ನಾನೂ ವಾದ ಮಾಡಿದವಳೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಸುಮ್ಮನಿರುತ್ತೇನೆಯೇ?

"ಗಾಜಿನ ಬಳೆಗೆ ಕರೆಂಟು ಹರಿಯಲ್ಲ ಸಾಹೇಬ್ರೇ," ಅಂದೆ.

"ಚಿನ್ನದ್ದಕ್ಕೆ ಹರೀತದಲ್ಲ ಟೀಚರಮ್ಮ? ಒಂದು ಬಿಚ್ಚಿ, ಒಂದು ಬಿಡಿ ಅಂದ್ರೆ ಒಂದಿನ ಮರೀತೀರ. ಎಲ್ಲಾ ಬಿಚ್ಚಿ."

ಬಿಚ್ಚಿದೆ.

ನಾನು ಆ ಶೆಡ್ಡಿಗೆ ಹೋಗಿದ್ದು ಕಾರಿನ ಚಿಂತೆಯಿಂದಲ್ಲ, ಅಕ್ಕನ ಚಿಂತೆಯಿಂದ. ಗಂಡನನ್ನು ಕಳೆದುಕೊಂಡ ಮೇಲೆ ನಾನು ಜಂಗಮಕೋಟೆ ಪಕ್ಕದ ಹಳ್ಳಿಯಲ್ಲಿ ಅಕ್ಕ-ಭಾವನ ಜೊತೆಗೇ ಇದ್ದೇನೆ. ಭಾವ ರೇಷ್ಮೆ ಹುಳು ಸಾಕುತ್ತಾರೆ, ಎರಡು ಹಸು ಕಟ್ಟಿದ್ದಾರೆ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು, ಮಂಗಳವಾರ ಮತ್ತು ಶುಕ್ರವಾರ ಚಿಕ್ಕಬಳ್ಳಾಪುರದಲ್ಲಿ ಡಯಾಲಿಸಿಸ್. ಬೆಳಗ್ಗೆ ಏಳರ ಪಾಳಿ. ಅಂದರೆ ಐದೂವರೆಗೆ ಮನೆ ಬಿಡಬೇಕು. ಭಾವನಿಗೆ ಕಾರು ಬರುವುದಿಲ್ಲ. ನನ್ನ ಗಂಡ ಬಿಟ್ಟುಹೋದ ಹಳೆಯ ಡೀಸೆಲ್ ಕಾರು ನನಗೆ ಬರುತ್ತದೆ. ಅದರ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿದರೆ ಅಕ್ಕ ಮಲಗಿಕೊಂಡೇ ಬರಬಹುದು. ನನ್ನ ಶಾಲೆ ನಡೆದು ಹೋಗುವ ದೂರದಲ್ಲೇ ಇದೆ. ಹಾಗಾಗಿ ಕಾರು ಹೊರಡುವುದು ವಾರಕ್ಕೆ ಎರಡೇ ಸಲ, ಎರಡೂ ಸಲ ಅಕ್ಕನಿಗಾಗಿ.

ಆ ಕಾರು ಇದ್ದಕ್ಕಿದ್ದಂತೆ ಮುಷ್ಕರ ಹೂಡತೊಡಗಿತು. ಕೀ ತಿರುಗಿಸಿದರೆ ಟಕ್ ಟಕ್ ಟಕ್, ಅಷ್ಟೇ. ಎಲ್ಲ ದಿನವೂ ಅಲ್ಲ. ಎರಡು ವಾರ ಏನೂ ಇಲ್ಲದೆ ಓಡುತ್ತದೆ, ಆಮೇಲೆ ಒಂದು ಶುಕ್ರವಾರ ಹೆಣದ ಹಾಗೆ ಬಿದ್ದಿರುತ್ತದೆ. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ. ಇನ್ನೊಬ್ಬ ಡೈನಮೋ ಬಿಚ್ಚಿ ಕಟ್ಟಿದ. ಮತ್ತೊಬ್ಬ ಸ್ಟಾರ್ಟರ್ ಮೋಟರಿನ ತಪ್ಪು ಅಂದ. ಭಾವ ಮಾತ್ರ ಯಾರೋ ಕಣ್ಣು ಹಾಕಿದ್ದಾರೆ ಎಂದು ಬಂಪರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಯಾವುದಕ್ಕೂ ಕಾರು ಜಗ್ಗಲಿಲ್ಲ.

ಒಂದು ಶುಕ್ರವಾರವಂತೂ ಪಾಳಿಯೇ ತಪ್ಪಿತು. ಬಾಡಿಗೆ ಗಾಡಿ ಸಿಕ್ಕಿ ಚಿಕ್ಕಬಳ್ಳಾಪುರ ತಲುಪುವಷ್ಟರಲ್ಲಿ ಅಕ್ಕನ ಜಾಗದಲ್ಲಿ ಬೇರೆಯವರು ಮಲಗಿದ್ದರು. ಸೋಮವಾರದವರೆಗೆ ಬೇರೆ ಜಾಗ ಸಿಗಲಿಲ್ಲ. ಆ ಮೂರು ದಿನ ಅಕ್ಕನ ಕಾಲು, ಮುಖ ಊದಿ, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಇದ್ದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಿಟ್ಬಿಡೇ," ಅಂದಳು. "ಗಾಡೀಗೇ ಬೇಡ ಅನ್ನಿಸಿದೆ. ಎಷ್ಟು ಸಲ ನಿಲ್ಸಿ ನಿಲ್ಸಿ ಹೇಳ್ತಿದೆ. ಇನ್ನೊಂದು ಸಲ ಗಾಡಿ ನಿಂತ್ರೆ ಅವತ್ತಿಗೆ ಮುಗೀತು, ನಾನು ಬರಲ್ಲ. ಮನೆದೇವ್ರ ಮುಂದೆ ಹೇಳಿಬಿಟ್ಟಿದೀನಿ ಕಣೇ."

ನನ್ನ ಅಕ್ಕ ಸುಮ್ಮನೆ ಮಾತು ಆಡುವವಳಲ್ಲ. ದೇವರ ಮುಂದೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವಳಂತೂ ಅಲ್ಲವೇ ಅಲ್ಲ. ಸಿಟ್ಟು ಬಂದು, "ಹಾಳು ಬ್ಯಾಟರಿ ಮಾತು ಕೇಳಿ ಸಾಯ್ತೀಯಾ?" ಎಂದು ಕೂಗಿದೆ. ಹುಳುಮನೆಯಿಂದ ಭಾವ ಓಡಿ ಬಂದು, "ಮೆಲ್ಲಗಮ್ಮ, ಮೆಲ್ಲಗೆ," ಎಂದು ಕೈಮುಗಿದರು. ಹುಳು ಜ್ವರಕ್ಕೆ ಕೂತಿದ್ದವು.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ಆಗಾಗ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತು ಚರ್ಮ ಕಳಚುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಅನ್ನುತ್ತಾರೆ. ಚಾಕಿ ಕೇಂದ್ರದಿಂದ ಮರಿಹುಳು ತಂದಮೇಲೆ ನಮ್ಮ ಮನೆಯಲ್ಲಿ ಪ್ರತಿ ಬೆಳೆಗೂ ಎರಡು ಸಲ ಈ ಜ್ವರ. ಆಗ ಮನೆಯಲ್ಲಿ ಯಾರೂ ಬಾಗಿಲು ಬಡಿಯುವಂತಿಲ್ಲ, ಪಾತ್ರೆ ಎತ್ತಿಹಾಕುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಭಾವನ ತಾಯಿಯ ಕಾಲದಿಂದ ಬಂದ ಕಟ್ಟಳೆ ಇದು. ಶಬ್ದದಿಂದ ಹುಳುವಿಗೆ ನಿಜಕ್ಕೂ ತೊಂದರೆಯೇ ಎಂದು ವಿಜ್ಞಾನದ ಟೀಚರಾದ ನನ್ನನ್ನು ಆ ಮನೆಯಲ್ಲಿ ಯಾರೂ ಕೇಳಿಲ್ಲ. ನಾನೂ ಬಾಯಿ ಬಿಟ್ಟಿಲ್ಲ. ಅಂದು ಕೂಗಿದ್ದಕ್ಕೆ ನಾಚಿಕೆಯಾಗಿ, ಹೊರಗೆ ಬಂದು ನಿಂತೆ. ಪಕ್ಕದ ತೋಟದವರು ವೈರಿಂಗ್ ಸಾಹೇಬರ ಹೆಸರು ಹೇಳಿದ್ದು ಆಗಲೇ.

ಸಾಹೇಬರು ನನ್ನ ಕತೆಯನ್ನೆಲ್ಲ ಕೇಳಿದರು. ಬಾನೆಟ್ ಎತ್ತಲಿಲ್ಲ. ಅಕ್ಕನ ಮಾತು ಹೇಳಿದಾಗ ಮಾತ್ರ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು.

"ಅಂದ್ರೆ ರೋಗ ಮತ್ತೆ ಬಂದ್ರೇನೇ ನನಗೆ ಸಿಕ್ಕೋದು. ಬಂದ್ರೆ ಅಮ್ಮ ಆಸ್ಪತ್ರೆಗೆ ಬರಲ್ಲ."

"ಹೌದು ಸಾಹೇಬ್ರೇ."

"ಗಾಡಿ ಬಿಟ್ಟು ಹೋಗಿ. ಗುರುವಾರ ಸಾಯಂಕಾಲ ಬನ್ನಿ."

ನಾನು ಹೋಗಲಿಲ್ಲ. ಶಾಲೆಗೆ ರಜೆ ಹಾಕಿ ಕೂತೆ. ನಾನು ಅಲ್ಲಿ ಕಂಡಿದ್ದನ್ನು ಈಗಲೂ ಮಕ್ಕಳಿಗೆ ಹೇಳುತ್ತೇನೆ. ಅವರು ಮೊದಲು ಕಾರಿನ ಬಾಗಿಲುಗಳನ್ನು ತೆರೆದು, ಬಾಗಿಲ ಅಂಚಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಕಾರನ್ನೇ ನಂಬಿಸಿದರು. ಡಿಕ್ಕಿಯನ್ನು ಧಡಾರನೆ ಬಡಿದು ಹಾಕಿದರು. ಬ್ಯಾಟರಿಯ ಒಂದು ವೈರು ಬಿಚ್ಚಿ, ಬ್ಯಾಟರಿಗೂ ವೈರಿಗೂ ನಡುವೆ ಮೀಟರ್ ಸೇರಿಸಿದರು. ಕಾರು ಕದ್ದು ಎಷ್ಟು ಕರೆಂಟು ಕುಡಿಯುತ್ತಿದೆಯೋ ಅಷ್ಟೂ ಈ ಮೀಟರಿನ ಮೂಲಕವೇ ಹೋಗಬೇಕು. ಆಮೇಲೆ ಖಾಲಿ ಬ್ಯಾಟರಿಯ ಮೇಲೆ ಕೂತುಬಿಟ್ಟರು.

"ಈಗ ಏನ್ ಮಾಡ್ಬೇಕು?" ಅಂದೆ.

"ಗಾಡಿ ಮಲಗ್ಲಿ."

ಕೀ ತೆಗೆದ ಕೂಡಲೇ ಕಾರು ನಿದ್ದೆ ಮಾಡುವುದಿಲ್ಲವಂತೆ. ಲಾಕು, ಅಲಾರಂ, ಗಡಿಯಾರ ಒಂದೊಂದೇ ಸುಮ್ಮನಾಗಬೇಕು. ಅಷ್ಟರಲ್ಲಿ ಯಾರಾದರೂ ಬಾಗಿಲು ಮುಟ್ಟಿದರೆ ಮತ್ತೆ ಮೊದಲಿನಿಂದ. ಯಾರಾದರೂ ಹತ್ತಿರ ಬಂದರೆ ಸಾಹೇಬರು ಮಾತಾಡದೆ ಎಡಗೈ ಎತ್ತುತ್ತಿದ್ದರು, ಆ ಸುಟ್ಟ ಗುರುತು ಕಂಡವರು ಅಲ್ಲೇ ನಿಲ್ಲುತ್ತಿದ್ದರು. ಅರ್ಧ ಗಂಟೆ ಅವರು ಆ ಅಂಕಿಗಳನ್ನು ಬಿಟ್ಟು ಬೇರೆ ಕಡೆ ನೋಡಲಿಲ್ಲ. ಇಪ್ಪತ್ತು ವರ್ಷದಿಂದ ನಾನು ಬೋರ್ಡಿನ ಮೇಲೆ ವಿದ್ಯುತ್ ಮಂಡಲ ಬರೆದಿದ್ದೇನೆ. ಬಾಣದ ಗುರುತು ಹಾಕಿ, ಕರೆಂಟು ಹೀಗೆ ಹರಿಯುತ್ತದೆ ಎಂದಿದ್ದೇನೆ. ಹರಿಯುವುದನ್ನು ಒಬ್ಬ ಮನುಷ್ಯ ಇಷ್ಟು ಗೌರವದಿಂದ ಕಾದು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ನನ್ನ ಪಾಠದ ಬಗ್ಗೆಯೇ ಸ್ವಲ್ಪ ಅವಮಾನವಾಯಿತು.

ಅಂಕಿ ಇಳಿದು ಇಳಿದು ಸೊನ್ನೆ ಬಿಂದು ಸೊನ್ನೆ ಎರಡಕ್ಕೆ ನಿಂತಿತು.

"ಇದು ಗಡಿಯಾರದ ಊಟ," ಎಂದರು ಸಾಹೇಬರು. "ಇಷ್ಟಕ್ಕೆ ತಿಂಗಳಾದ್ರೂ ಬ್ಯಾಟರಿ ಸಾಯಲ್ಲ."

ಗುರುವಾರ ಸಂಜೆಯವರೆಗೆ ಅವರು ಅದನ್ನೇ ಹತ್ತು ಸಲ ನೋಡಿದರು. ಅಂಕಿ ಕದಲಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಪಾರ್ಟು ಬದಲಾಯಿಸುತ್ತಿದ್ದರು. ಇವರು, "ಸಿಕ್ಕಿಲ್ಲ," ಎಂದರು, ನೇರವಾಗಿ, ನನ್ನ ಮುಖ ನೋಡಿಕೊಂಡೇ. ಆಮೇಲೆ ಒಂದು ಚಿಕ್ಕ ಸ್ಪ್ಯಾನರ್ ಕೊಟ್ಟು, ಆಸ್ಪತ್ರೆಯಿಂದ ಬಂದ ಕೂಡಲೇ ಬ್ಯಾಟರಿಯ ಈ ವೈರು ಬಿಚ್ಚಿಡಿ, ಹೋಗುವ ದಿನ ಬೆಳಗ್ಗೆ ಹಾಕಿಕೊಳ್ಳಿ ಎಂದು ತೋರಿಸಿಕೊಟ್ಟರು.

"ಸಾಕಲ್ಲ ಸಾಹೇಬ್ರೇ, ಇನ್ಮೇಲೆ ಹೀಗೇ ಮಾಡಿದ್ರಾಯ್ತು."

"ಒಂದಿನ ಮರೀತೀರ ಟೀಚರಮ್ಮ. ಅವತ್ತಿಗೆ ಮುಗೀತು ಅಂತ ಅಮ್ಮ ಹೇಳವ್ರಲ್ಲ." ಮೀಟರ್ ಎತ್ತಿಡುತ್ತ ಕೇಳಿದರು: "ಗಾಡಿ ಕೆಟ್ಟ ದಿನ ಯಾವ್ಯಾವು ಅಂತ ಬರ್ದಿಟ್ಟಿದೀರಾ?"

ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುಣಾಕಾರದ ಗುರುತು ಹಾಕಿದ್ದೆ, ಸಿಟ್ಟಿನಿಂದ.

"ಅದನ್ನ ತನ್ನಿ."

ಮುಂದಿನ ವಾರ ಕ್ಯಾಲೆಂಡರನ್ನು ಸುರುಳಿ ಸುತ್ತಿ ತೆಗೆದುಕೊಂಡು ಹೋದೆ. ಸಾಹೇಬರು ಅದನ್ನು ಬಾನೆಟ್ ಮೇಲೆ ಹಾಸಿ, ಹಾಳೆ ತಿರುವಿ ತಿರುವಿ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನನ್ನ ಕೆಂಪು ಗುರುತಿನ ಮೇಲೆ ಬೆರಳಿಟ್ಟು, ಅಲ್ಲಿಂದ ಹಿಂದಕ್ಕೆ ಸರಿಸಿದರು. ಇನ್ನೊಂದು ಹಾಳೆ, ಇನ್ನೊಂದು ಗುರುತು, ಮತ್ತೆ ಹಿಂದಕ್ಕೆ.

"ಈ ಸೀಸದಕಡ್ಡಿ ಸುತ್ತು ಯಾರು ಹಾಕಿದ್ದು?"

"ಅದು ಭಾವಂದು. ಹುಳು ಜ್ವರಕ್ಕೆ ಕೂತ ದಿನ ಅದು. ಕಾರಿಗೂ ಅದಕ್ಕೂ ಸಂಬಂಧ ಇಲ್ಲ."

"ನೀವು ಓದಿ ಸಂಬಂಧ ಇಲ್ಲ ಅಂತೀರ. ನನಗೆ ಓದೋಕೆ ಬರಲ್ಲ, ಬರೀ ಗುರುತು ಕಾಣ್ತದೆ. ನೋಡಿ, ನಿಮ್ಮ ಕೆಂಪು ಗುರುತು ಶುಕ್ರವಾರ. ಅದರ ಹಿಂದಿನ ಮಂಗಳವಾರ ಸುತ್ತು ಐತೆ. ಇಲ್ಲಿ ನೋಡಿ, ಮಂಗಳವಾರ ಕೆಂಪು. ಹಿಂದಿನ ಶುಕ್ರವಾರ ಸುತ್ತು."

ಐದು ಕೆಂಪು ಗುರುತು, ಐದರ ಹಿಂದೆಯೂ ಒಂದೊಂದು ಸುತ್ತು. ಕಾರು ಕೆಟ್ಟಿದ್ದು ಆಸ್ಪತ್ರೆಯಿಂದ ಬಂದ ದಿನ ಹುಳು ಜ್ವರಕ್ಕೆ ಕೂತಿದ್ದರೆ ಮಾತ್ರ. ಆ ಕ್ಯಾಲೆಂಡರ್ ಅಡುಗೆಮನೆಯ ಗೋಡೆಯಲ್ಲಿ ತಿಂಗಳುಗಟ್ಟಲೆ ನನ್ನ ಕಣ್ಣೆದುರಿಗೇ ನೇತಾಡುತ್ತಿತ್ತು.  ಸಾಹೇಬರು ತಲೆ ಕೆರೆದುಕೊಂಡರು.

"ಹುಳುವಿಗೆ ಜ್ವರ ಬಂದ್ರೆ ಗಾಡಿ ಯಾಕೆ ಸಾಯ್ತದೆ? ನಮ್ಮದು ರೀಲಿಂಗ್ ಮನೆ ಟೀಚರಮ್ಮ, ಗೂಡು ಬೇಯಿಸಿ ನೂಲು ತೆಗೆಯೋರು. ಹಗಲೂ ರಾತ್ರಿ ಮಿಷನ್ ಗದ್ದಲ. ಹುಳು ಸತ್ತ ಮೇಲೇ ನಮ್ಮ ಕೆಲಸ ಶುರು. ಬದುಕಿರೋ ಹುಳುವಿನ ಮನೇಲಿ ಏನೇನ್ ಮಾಡ್ತಾರೋ ನನಗೆ ಗೊತ್ತಿಲ್ಲ. ಮುಂದಿನ ಸಲ ಹುಳು ಕೂತಾಗ ಫೋನ್ ಮಾಡಿ. ನಾನೇ ಬಂದು ನೋಡ್ತೀನಿ."

ಸುತ್ತು ಬಿದ್ದದ್ದು ಒಂದು ಮಂಗಳವಾರ. ನಾನೂ ಅಕ್ಕನೂ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಸಾಹೇಬರು ಆಗಲೇ ಬಂದು ಹೊಂಗೆಮರದ ಕೆಳಗಿನ ಕಲ್ಲು ಚಪ್ಪಡಿಯ ಮೇಲೆ ಕೂತಿದ್ದರು. ಕಾಲು ತೊಳೆದುಕೊಂಡಿದ್ದರು. ಹತ್ತಿರ ಹೋದಾಗ ಏನೋ ಕಡಿಮೆ ಅನ್ನಿಸಿತು. "ಹುಳುವಿಗೆ ವಾಸನೆ ಆಗಲ್ಲ ಅಂತಾರೆ. ಅದಕ್ಕೇ ಇವತ್ತು ಅತ್ತರು ಹಚ್ಚಿಲ್ಲ," ಎಂದು ಪಿಸುಗುಟ್ಟಿದರು. ಭಾವನ ಮುಖ ಅರಳಿದ್ದು ಆಗ. ನಮ್ಮ ಮನೆಗೆ ಬರುವ ನೆಂಟರಿಗೇ ಅಷ್ಟು ಹೊಳೆಯುವುದಿಲ್ಲ.

"ನಾನಿಲ್ಲಿ ಇಲ್ಲ ಅನ್ಕೊಳ್ಳಿ. ಇಂಥಾ ದಿನ ಏನೇನ್ ಮಾಡ್ತೀರೋ ಅದನ್ನೇ ಮಾಡಿ. ಆದ್ರೆ ಇವತ್ತು ವೈರು ಬಿಚ್ಚಬೇಡಿ," ಎಂದರು.

ನಾವು ಮಾಡಿದೆವು. ನಮ್ಮ ಅಂಗಳದಲ್ಲಿ ಕಾರಿಗೆ ನೆರಳಿರುವುದು ಹುಳುಮನೆಯ ಗೋಡೆ ಪಕ್ಕ ಮಾತ್ರ, ಅಲ್ಲಿ ನಿಲ್ಲಿಸಿದೆ. ಅಕ್ಕನನ್ನು ಇಳಿಸಿ ಜಗುಲಿಯ ಮಂಚದ ಮೇಲೆ ಮಲಗಿಸಿದೆ. ಪ್ರತಿ ಸಲದಂತೆ ಬರುವಾಗ ಹಸುವಿಗೆ ತಂದಿದ್ದ ಬೂಸಾ ಮೂಟೆಯನ್ನು ಭಾವ ಡಿಕ್ಕಿಯಿಂದ ಹೊತ್ತುಕೊಂಡು ಹೋದರು. ನಾನು ಡಿಕ್ಕಿ ಮುಚ್ಚಿ ಕೈ ಒರೆಸಿಕೊಂಡೆ. ಹಿಂತಿರುಗಿ ನೋಡಿದರೆ ಸಾಹೇಬರು ಎದ್ದು ನಿಂತಿದ್ದರು.

ಅವರು ಕಾರಿನ ಹಿಂದಕ್ಕೆ ಬರಲಿಲ್ಲ. ಊಹೆ ಮಾಡಿ ಓಡುವುದು ಅವರ ಜಾಯಮಾನವಲ್ಲ. ಬಾನೆಟ್ ಮೆಲ್ಲಗೆ ಎತ್ತಿ, ಮೀಟರ್ ಸೇರಿಸಿ, ಚಪ್ಪಡಿಗೆ ಹೋಗಿ ಕೂತರು. ನಾನು ಬಳೆ, ವಾಚು ಬಿಚ್ಚಿ ಊಟದ ತಟ್ಟೆಯಲ್ಲಿಟ್ಟು ಪಕ್ಕದಲ್ಲಿ ಕೂತೆ, ಭಾವನೂ ಬಂದು ಕೂತರು. ಗಾಡಿ ಮಲಗಬೇಕಿತ್ತು. ಗೋಡೆಯ ಆಚೆ ಸಾವಿರಾರು ಹುಳುಗಳು ತಲೆಯೆತ್ತಿ ಕೂತಿದ್ದವು, ಈಚೆ ನಾವು ಮೂವರು ಉಸಿರು ಬಿಗಿಹಿಡಿದು ಕೂತಿದ್ದೆವು. ಅರ್ಧ ಗಂಟೆಯಾದರೂ ಅಂಕಿ ಇಳಿಯಲಿಲ್ಲ. ಸೊನ್ನೆ ಬಿಂದು ನಾಲ್ಕು ಎರಡು. ಶೆಡ್ಡಿನಲ್ಲಿ ಕಂಡದ್ದಕ್ಕಿಂತ ಇಪ್ಪತ್ತು ಪಾಲು ಹೆಚ್ಚು.

"ಬಂದ," ಎಂದರು ಸಾಹೇಬರು, ಮನೆಗೆ ನೆಂಟ ಬಂದ ಹಾಗೆ.

ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕೀಳತೊಡಗಿದರು. ಕಿತ್ತು, ಅಂಕಿ ನೋಡಿ, ಮತ್ತೆ ಅದೇ ಜಾಗಕ್ಕೆ ಕೂರಿಸಿ, ಮುಂದಿನದು. ಏಳನೆಯದು ಕಿತ್ತಾಗ ಅಂಕಿ ಬಾವಿಗೆ ಬಿದ್ದ ಹಾಗೆ ಸೊನ್ನೆ ಬಿಂದು ಸೊನ್ನೆ ಎರಡಕ್ಕೆ ಇಳಿಯಿತು. ಅದು ದೀಪಗಳ ಫ್ಯೂಸು. ಮತ್ತೆ ಹಾಕಿದರು, ಅಂಕಿ ಏರಿತು. ಕಾರಿನೊಳಗೆ ಇಣುಕಿದರೆ ಯಾವ ದೀಪವೂ ಉರಿಯುತ್ತಿಲ್ಲ. ಆಗ ಅವರು ಕಾರಿನ ಹಿಂದೆ ಬಂದು, ಡಿಕ್ಕಿಯ ಮುಚ್ಚಳದ ಅಂಚಿನುದ್ದಕ್ಕೂ ಬೆರಳಾಡಿಸಿದರು. ಅಂಗಳದಲ್ಲಿ ಒಣಗಲು ಹಾಕಿದ್ದ ಖಾಲಿ ಗೋಣಿಚೀಲ ತಂದು, ಡಿಕ್ಕಿಯ ಮೇಲೂ ತಮ್ಮ ತಲೆಯ ಮೇಲೂ ಹೊದ್ದುಕೊಂಡು ಬಗ್ಗಿದರು. ಒಂದು ನಿಮಿಷವಾದ ಮೇಲೆ ಹೊರಗೆ ಬಂದವರು ನನ್ನನ್ನು ಕರೆಯಲಿಲ್ಲ.

"ಅಮ್ಮಾ," ಎಂದು ಜಗುಲಿಯ ಕಡೆ ನೋಡಿ ಮೆಲ್ಲಗೆ ಕರೆದರು. "ನಿಮಗೆ ಆಯಾಸ, ಗೊತ್ತು. ಆದ್ರೆ ಇದನ್ನ ನೀವೇ ನೋಡ್ಬೇಕು."

ಅಕ್ಕ ನನ್ನ ಭುಜ ಹಿಡಿದು ಬಂದಳು. ಗೋಣಿಚೀಲದೊಳಗೆ ತಲೆ ಹಾಕಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅವಳಾದ ಮೇಲೆ ನಾನು ನೋಡಿದೆ. ಬೂಸಾ ವಾಸನೆಯ ಕತ್ತಲೆಯಲ್ಲಿ, ಡಿಕ್ಕಿಯ ಮುಚ್ಚಳಕ್ಕೂ ಕಾರಿಗೂ ನಡುವೆ, ಕೂದಲೆಳೆಯಷ್ಟು ತೆಳ್ಳಗೆ ಹಳದಿ ಬೆಳಕು. ಒಳಗೆ ಡಿಕ್ಕಿಯ ಪುಟ್ಟ ದೀಪ ಉರಿಯುತ್ತಿತ್ತು. ಯಾರಿಗೂ ಕಾಣದ ಹಾಗೆ, ಮಂಗಳವಾರದಿಂದ ಶುಕ್ರವಾರದವರೆಗೆ, ಅದೆಷ್ಟು ಸಲ ಹಾಗೇ ಉರಿದಿತ್ತೋ. ನನಗೆ ದೇವಸ್ಥಾನದಲ್ಲಿಯೂ ಹಾಗೆ ಮೈನವಿರೆದ್ದದ್ದಿಲ್ಲ.

ಸಾಹೇಬರು ನನ್ನ ಕೈಗಳನ್ನು ತೋರಿಸಿ, ನಾನು ಡಿಕ್ಕಿ ಮುಚ್ಚಿದ್ದನ್ನು ಹಾಗೇ ಮಾಡಿ ತೋರಿಸಿದರು. ಎರಡೂ ಅಂಗೈ ಊರಿ, ಮಲಗಿದ ಮಗುವಿನ ಮೇಲೆ ಹೊದಿಕೆ ಸರಿಮಾಡುವಷ್ಟು ಮೆಲ್ಲಗೆ. ಆ ಕೊಂಡಿಗೆ ಎರಡು ಹಲ್ಲಂತೆ. ಮೆಲ್ಲಗೆ ಒತ್ತಿದರೆ ಮೊದಲನೆಯದು ಮಾತ್ರ ಹಿಡಿಯುತ್ತದೆ. ಮುಚ್ಚಿದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಮುಚ್ಚಿರುವುದಿಲ್ಲ, ದೀಪ ಆರುವುದಿಲ್ಲ. ಬೇರೆ ದಿನ ನಾನು ಎಲ್ಲರ ಹಾಗೆ ಬಡಿದು ಹಾಕುತ್ತಿದ್ದೆ, ತೊಂದರೆಯಿರಲಿಲ್ಲ. ಹೆಣವಾದ ಬ್ಯಾಟರಿಗೆ ಮೆಕ್ಯಾನಿಕ್‌ಗಳು ಜೀವ ಕೊಟ್ಟು ಓಡಿಸಿದಾಗ, ನಮ್ಮೂರ ರಸ್ತೆಯ ಹಳ್ಳಕೊಳ್ಳಕ್ಕೆ ಡಿಕ್ಕಿ ತಾನಾಗಿ ಎರಡನೇ ಹಲ್ಲಿಗೆ ಕೂತುಬಿಡುತ್ತಿತ್ತು. ಹುಡುಕುವವರಿಗೆ ಏನೂ ಸಿಗುತ್ತಿರಲಿಲ್ಲ.

"ನಾನೂ ಕತ್ತೆನೇ," ಎಂದು ಸಾಹೇಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. "ಶೆಡ್ಡಲ್ಲಿ ಮೊದಲು ಮಾಡಿದ್ದೇ ಡಿಕ್ಕಿ ಬಡಿದು ಹಾಕಿದ್ದು. ರೋಗಾನ ನಾನೇ ವಾಸಿ ಮಾಡಿ, ಆಮೇಲೆ ಎರಡು ದಿನ ಕೂತು ಹುಡುಕಿದೆ."

ಅಕ್ಕ ಮಾತ್ರ ನಗಲಿಲ್ಲ. "ದೇವರೇ ನಿಲ್ಲಿಸ್ತಿದಾನೆ ಅಂತ ಇದ್ದೆ ನಾನು," ಅಂದಳು.

"ಅಮ್ಮಾ, ಮೇಲಿನೋನಿಗೆ ನಿಮ್ಮನ್ನ ನಿಲ್ಲಿಸೋಕೆ ಈ ಪುಟಾಣಿ ಬಲ್ಬು ಬೇಕಾ? ನಿಮ್ಮ ತಂಗಿ ಹುಳುವಿಗೆ ಎಚ್ಚರ ಆಗ್ದಿರ್ಲಿ ಅಂತ ಮೆಲ್ಲಗೆ ಮುಚ್ಚಿದ್ರು. ಅಷ್ಟೇ ನಡೆದಿದ್ದು. ಅದರಲ್ಲಿ ಬೇಡ ಅನ್ನೋ ಮಾತು ಎಲ್ಲೈತೆ?"

 ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಶಬ್ದವಾಗದ ಹಾಗೆ. ಕಾಯಿಲೆ ಬಂದಾಗಿನಿಂದ ಅವಳು ಅತ್ತದ್ದು ಅದೇ ಮೊದಲು.

"ಬಲ್ಬೇ ಕಿತ್ತಾಕಿ ಸಾಹೇಬ್ರೇ, ಪೀಡೆ ಹೋಗ್ಲಿ," ಎಂದು ಭಾವ ಮುಂದೆ ಬಂದರು.

ಸಾಹೇಬರು ಒಪ್ಪಲಿಲ್ಲ. ಬಲ್ಬು ಕಿತ್ತರೆ ಬ್ಯಾಟರಿ ಉಳಿಯುತ್ತದೆ, ಆದರೆ ಮುಚ್ಚಳ ಅರ್ಧ ತೆರೆದೇ ಇರುತ್ತದೆ, ಅದು ಯಾರಿಗೂ ತಿಳಿಯುವುದೂ ಇಲ್ಲ ಎಂದರು. "ಪಾಪ, ನಿಜ ಹೇಳ್ತಿದ್ದಿದ್ದು ಅದೊಂದೇ. ಅದನ್ನ ಯಾಕೆ ಕೀಳ್ತೀರಿ?" ಇನ್ನುಮೇಲೆ ಜೋರಾಗಿ ಬಡಿದು ಮುಚ್ಚಿ ಎಂದೂ ಅವರು ಹೇಳಲಿಲ್ಲ. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಮಾರನೆಯ ದಿನ ಅರ್ಧ ದಿನ ಶೆಡ್ಡಿನಲ್ಲಿ ಕೂತು, ಆ ಕೊಂಡಿಯನ್ನು ಬಿಚ್ಚಿ, ಅರದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ, ಮತ್ತೆ ಬಿಚ್ಚಿ, ಮತ್ತೆ ಉಜ್ಜಿ, ಅಂಗೈ ಊರಿ ಒತ್ತಿದರೆ ಸಾಕು, ಎರಡು ಹಲ್ಲೂ ಬೆಣ್ಣೆಯಲ್ಲಿ ಕೂರುವ ಹಾಗೆ ಮಾಡಿದರು. ಡಿಕ್ಕಿಯ ದೀಪದಿಂದ ಒಂದು ವೈರು ಎಳೆದು, ಸ್ಟಿಯರಿಂಗ್ ಪಕ್ಕ ಅಕ್ಕಿಕಾಳಿನಷ್ಟು ಕೆಂಪು ದೀಪ ಕೂರಿಸಿದರು. ಡಿಕ್ಕಿಯಲ್ಲಿ ಬೆಳಕಿದ್ದರೆ ಅದೂ ಉರಿಯುತ್ತದೆ. ನಮ್ಮ ಮನೆಯ ಮೌನಕ್ಕೆ ಕಾರನ್ನು ಒಗ್ಗಿಸಿದರೇ ಹೊರತು, ಕಾರಿಗಾಗಿ ನಮ್ಮ ಮೌನ ಕೆಡಿಸಲಿಲ್ಲ. ಅವರು ಮಾಡಿದ ಎಲ್ಲಕ್ಕಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಅಂದಿನಿಂದ ಡಿಕ್ಕಿ ಮುಚ್ಚಿದಾಗಲೆಲ್ಲ ಆ ಕೆಂಪು ಚುಕ್ಕೆ ನೋಡಿ, "ಸರಿಯಾಗಿ ಕೂತಿದೆ," ಎಂದು ಹೇಳುವ ಕೆಲಸ ಅಕ್ಕ ತಾನೇ ವಹಿಸಿಕೊಂಡಳು. ಕಾರಿನ ದೆಸೆಯಿಂದ ಅವಳ ಪಾಳಿ ಮತ್ತೊಮ್ಮೆಯೂ ತಪ್ಪಲಿಲ್ಲ. ನಾನು ಆ ಮೇಲೆಯೂ ಸಾಹೇಬರ ಶೆಡ್ಡಿಗೆ ಹೋಗುತ್ತಿದ್ದೆ, ಒಮ್ಮೊಮ್ಮೆ ಕಾರಣವಿಲ್ಲದೆ. ಮಕ್ಕಳನ್ನು ಕರೆತರಲೇ ಎಂದು ಕೇಳಿದ್ದಕ್ಕೆ, "ಬಳೆ ಇಡೋಕೆ ಮುಚ್ಚಳ ಸಾಲಲ್ಲ," ಎಂದು ಮಾತು ತೇಲಿಸಿದರು. ನನ್ನ ಪ್ರಯೋಗಾಲಯದಲ್ಲಿ ಈಗ ಒಂದು ಟಿಫನ್ ಡಬ್ಬಿಯ ಮುಚ್ಚಳವಿದೆ. ವಿದ್ಯುತ್ತಿನ ಪಾಠಕ್ಕೆ ಮೊದಲು ನಾನೇ ಅದರಲ್ಲಿ ಬಳೆ ಬಿಚ್ಚಿಡುತ್ತೇನೆ, ಗಾಜಿನದ್ದೂ ಸೇರಿ. ಮಕ್ಕಳಿಗೆ ಉತ್ತರ ಬಾರದಿದ್ದರೆ ಮೊದಲಿನ ಹಾಗೆ ಗದರುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತೇನೆ.

ಕಳೆದ ವರ್ಷ ಒಂದು ಗುರುವಾರ ಬೆಳಗ್ಗೆ ಪಕ್ಕದ ತೋಟದವರು ಬಂದು, ವೈರಿಂಗ್ ಸಾಹೇಬರು ಹೋಗಿಬಿಟ್ಟರಂತೆ ಎಂದರು. ಹಿಂದಿನ ಸಂಜೆ ಶೆಡ್ಡಿನಿಂದ ಮನೆಗೆ ಬಂದು, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ನಾನು ಹೊರಟಾಗ ಅಕ್ಕ, "ನಾನೂ ಬರ್ತೀನಿ," ಅಂದಳು. ಡಯಾಲಿಸಿಸ್‌ಗೆ ಹಿಂದಿನ ದಿನ ಅವಳಿಗೆ ನಾಲ್ಕು ಹೆಜ್ಜೆಯೂ ಕಷ್ಟ. ಬೇಡವೆಂದರೂ ಕೇಳಲಿಲ್ಲ. ಅವಳಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲವೆಂದು ಮಡಿಚುವ ಕುರ್ಚಿಯನ್ನು ಡಿಕ್ಕಿಗೆ ಹಾಕಿಕೊಂಡು ಹೋದೆವು.

ಅವರ ಮನೆಯ ಓಣಿಗೆ ನಾನು ಮೊದಲೊಮ್ಮೆ ಹೋಗಿದ್ದೆ. ಎರಡೂ ಕಡೆ ರೀಲಿಂಗ್ ಮನೆಗಳು, ಮಿಷನ್ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಅಂದು ಓಣಿಯ ತುದಿಯಿಂದ ತುದಿಗೆ ಒಂದು ಮಿಷನ್ನೂ ಓಡುತ್ತಿರಲಿಲ್ಲ. ಬಿಸಿನೀರಿನ ತೊಟ್ಟಿಗಳು ತಣ್ಣಗಾಗಿದ್ದವು. ಗಂಡಸರು ಗೋಡೆಗೆ ಒರಗಿ ನಿಂತಿದ್ದರು, ಯಾರೂ ದನಿಯೆತ್ತುತ್ತಿರಲಿಲ್ಲ. ಗದ್ದಲ ಬಿಟ್ಟು ಬೇರೇನೂ ಗೊತ್ತಿಲ್ಲದ ಆ ಓಣಿ, ಜ್ವರದ ದಿನದ ನಮ್ಮ ಹುಳುಮನೆಯ ಹಾಗೆ ಸ್ತಬ್ಧವಾಗಿತ್ತು. ಅಕ್ಕ ಹೆಂಗಸರ ನಡುವೆ ಕುರ್ಚಿಯ ಮೇಲೆ ಕೂತು, ಸಾಹೇಬರ ಹೆಂಡತಿಯ ಕೈ ಹಿಡಿದುಕೊಂಡೇ ಇದ್ದಳು. ಆ ತಾಯಿಯ ಬೆರಳಿನಲ್ಲಿ ಕೆಂಪು ಕಲ್ಲೊಂದು ಹೊಸ ಬೆಳ್ಳಿಯಲ್ಲಿ ಕೂತಿತ್ತು. ಅದು ಯಾವ ಕಲ್ಲು ಎಂದು ನಾನು ಕೇಳಲಿಲ್ಲ.

ಹೊರಡುವಾಗ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕುರ್ಚಿ ಡಿಕ್ಕಿಗೆ ಹಾಕಿದೆ. ಆ ಮೌನದಲ್ಲಿ ಎರಡೂ ಅಂಗೈ ಊರಿ ಮುಚ್ಚಳವನ್ನು ಮೆಲ್ಲಗೆ ಒತ್ತಿದೆ. ಒಂದಾದ ಮೇಲೊಂದು ಎರಡೂ ಹಲ್ಲು ಹಿಡಿದದ್ದು ನನ್ನ ಕೈಗೆ ತಿಳಿಯಿತು, ಯಾರ ಕಿವಿಗೂ ಬೀಳಲಿಲ್ಲ.

ಬಂದು ಕೂತಾಗ ಅಕ್ಕ ಆ ಕೆಂಪು ಚುಕ್ಕೆಯ ಜಾಗವನ್ನೇ ನೋಡುತ್ತಿದ್ದಳು.

"ಸರಿಯಾಗಿ ಕೂತಿದೆ," ಅಂದಳು. ಆಮೇಲೆ ಸೀಟಿಗೆ ಒರಗಿ, "ನಾಳೆ ಶುಕ್ರವಾರ. ಐದು ಗಂಟೆಗೇ ಎಬ್ಬಿಸೇ ನನ್ನ, ಮರೀಬೇಡ," ಅಂದಳು.

ಆಗಲಿ ಎಂದು ಕೀ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಎದ್ದಿತು.